ಬೆಳೆ ಕಾಯಲು ಅಗ್ಗದ ಬಂದೂಕು: ಎರಡು ವರ್ಷದಲ್ಲಿ ಕಂಡದ್ದು

ಬಂದೂಕು ಮನೆಗೆ ಬಂದಾಗಿನಿಂದ ಸಂತೆಯಲ್ಲಿ, ಗಿರಣಿಯಲ್ಲಿ, ಸೊಸೈಟಿ ಕಟ್ಟೆಯ ಮೇಲೆ ಸಿಕ್ಕವರೆಲ್ಲ ಕೇಳೋದು ಒಂದೇ ಮಾತು: ‘ಎಷ್ಟು ಹಂದಿ ಕೆಡವಿದಿ?’ ಒಂದೂ ಕೆಡವಿಲ್ಲ. ಕೆಡವಬೇಕಂತ ತಂದದ್ದೂ ಅಲ್ಲ. ಅದರಿಂದ ಬೆಳೆ ಉಳೀತೋ ಇಲ್ಲೋ, ನಮ್ಮಂಥ ನಾಲ್ಕೆಕರೆಯವರು ಅದರ ಬೆನ್ನು ಹತ್ತಬಹುದೋ ಬ್ಯಾಡೋ ಅಂತ ಕೇಳುವವರು ಕಡಿಮೆ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ಕಾನೂನಿನ ಮಾತನ್ನು ಬಲ್ಲವರಿಂದ ಓದಿಸಿ ಕೇಳಿಕೊಂಡಿದ್ದೇನೆ.

ನನ್ನದು ಹಾವೇರಿ ಜಿಲ್ಲೆಯ ಮಸಾರಿ ಹೊಲ, ನಾಲ್ಕೂವರೆ ಎಕರೆ. ಬೋರ್ ಇಲ್ಲ, ಮಳೆ ನಂಬಿದ ಬೇಸಾಯ. ಎರಡೂವರೆ ಎಕರೆ ಗೋವಿನಜೋಳ, ಉಳಿದದ್ದರಲ್ಲಿ ಶೇಂಗಾ, ನಡುವೆ ತೊಗರಿ ಅಕ್ಕಡಿ. ಮೂಡಲಿಗೆ ಗುಡ್ಡ, ಗುಡ್ಡದ ಬುಡಕ್ಕೆ ನೀಲಗಿರಿ ಮತ್ತು ಜಾಲಿ. ಹಂದಿಗಳ ಬಿಡಾರ ಅಲ್ಲೇ. ವರ್ಷಕ್ಕೆ ಮೂರು ಸಲ ಅವುಗಳ ದಾಳಿ. ಬಿತ್ತಿದ ರಾತ್ರಿಯೇ ಬಂದು ಕೂರಿಗೆ ಹೋದ ಸಾಲು ಹಿಡಿದು ಮೂಗಿನಿಂದ ಉತ್ತು ಕಾಳು ಹೆಕ್ಕುತ್ತವೆ. ಗೋವಿನಜೋಳ ಹಾಲುಗಾಳಾದಾಗ ಮತ್ತೆ ಬರುತ್ತವೆ. ಕಡೆಗೆ ಶೇಂಗಾ ಬಲಿತಾಗ. ತಿಂದದ್ದಕ್ಕಿಂತ ಕೆಡವಿ ತುಳಿದದ್ದು ಹೆಚ್ಚು. 2021ರಲ್ಲಿ ಹೆಜ್ಜೆ ಹಾಕಿ ಅಳೆದು ನೋಡಿದರೆ ಹದಿನೆಂಟು ಗುಂಟೆ ಗೋವಿನಜೋಳ ಮಲಗಿತ್ತು. ಆ ವರ್ಷವೇ ಬಂದೂಕಿನ ಅರ್ಜಿ ಹಾಕಿದೆ.

ಪಿಸ್ತೂಲು ಯಾಕಲ್ಲ?

ನಮ್ಮೂರ ಹುಡುಗರು ಕೇಳುತ್ತಾರೆ: ‘ಅಷ್ಟುದ್ದದ್ದು ಹೊತ್ಕೊಂಡು ತಿರುಗೋ ಬದ್ಲಿ ಸೊಂಟಕ್ಕ ಸಿಗಸೋ ಸಣ್ಣ ಪಿಸ್ತೂಲು ತರಬಾರದಿತ್ತೇನು ಕಾಕಾ?’ ಸಿನೆಮಾ ನೋಡಿದವರ ಮಾತು. ಬೆಳೆ ಕಾಯಲಿಕ್ಕೆ ಅಂತ ಕೇಳಿದವರಿಗೆ ಪಿಸ್ತೂಲು, ರಿವಾಲ್ವರ್ ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು. ಇನ್ನು ಬೆಲೆ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೆಣ್ಣುಮಕ್ಕಳಿಗಂತ ‘ನಿರ್ಭೀಕ್’ ಅನ್ನೋ ಅರ್ಧ ಕಿಲೋ ತೂಕದ ರಿವಾಲ್ವರ್ ತಂದಾಗ ಅದರ ಬೆಲೆಯೇ 1,22,360 ರೂಪಾಯಿ. ನನ್ನ ಬಂದೂಕಿಗೆ ಬಿದ್ದದ್ದು ಜೋಡೆತ್ತಿನ ಬೆಲೆಯ ಹತ್ತರಲ್ಲೊಂದು ಪಾಲು. ಅದಕ್ಕಿಂತ ದೊಡ್ಡ ಮಾತು, ಕತ್ತಲಲ್ಲಿ ಐವತ್ತು ಹೆಜ್ಜೆ ದೂರದ ಹಂದಿ ಹಿಂಡಿಗೆ ಗೇಣುದ್ದದ ಪಿಸ್ತೂಲಿನಿಂದ ಏನೂ ಮಾಡಲಾಗದು.

ಇದರ ಜೊತೆಗೆ ಒಂದು ಎಚ್ಚರಿಕೆ. ಸಂತೆ, ಜಾತ್ರೆಗಳಲ್ಲಿ ‘ಎಮ್ಮೀಕರದ ರೇಟಿಗೆ ನಾಡಪಿಸ್ತೂಲು ಕೊಡಸ್ತೀನಿ, ಲೈಸೆನ್ಸು ಗಿಯಿಸೆನ್ಸು ಬ್ಯಾಡ’ ಅನ್ನುವ ಮಂದಿ ಇದ್ದಾರೆ. ಹತ್ತಿರ ಹೋಗಬೇಡಿ. ಅಂಥದು ಮನೆಯಲ್ಲಿ ಸಿಕ್ಕರೆ ಜೈಲು. ಆ ನಳಿಗೆಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಹಾರಿಸಿದವನ ಕೈಯಲ್ಲೇ ಒಡೆಯುವ ಸಾಮಾನು ಅದು. ಹಂದಿ ತಿಂದ ಬೆಳೆ ಮುಂದಿನ ವರ್ಷ ಬಂದೀತು, ಬೆರಳು ಬರುವುದಿಲ್ಲ.

ಲೈಸೆನ್ಸಿನ ದಾರಿ

ಅರ್ಜಿ ಹಾಕುವುದು ಜಿಲ್ಲಾಧಿಕಾರಿ ಕಚೇರಿಗೆ. ಪಹಣಿ, ಬೆಳೆಯ ವಿವರ, ಹಾಳಾದ ಬೆಳೆಯ ಫೋಟೊ ಇಟ್ಟೆ. ಅಲ್ಲಿಂದ ಠಾಣೆಗೆ ಕಾಗದ ಬಂದು ಅವರ ವರದಿ ಹೋಗಬೇಕು. ನನ್ನ ಮೇಲೆ ಕೇಸು ಇದೆಯೇ, ಕುಡಿಯುತ್ತೇನೆಯೇ, ಯಾರೊಡನೆ ಜಗಳವಿದೆಯೇ ಅಂತ ವಿಚಾರಿಸಿದರು. ವಿಚಾರಿಸಬೇಕಾದ್ದೇ. ಬಂದೂಕು ಹಿಡಿಯುವ ಸುರಕ್ಷತೆಯ ತರಬೇತಿ ಪ್ರಮಾಣಪತ್ರವನ್ನೂ ಕೇಳಿದರು. ಹನ್ನೊಂದು ತಿಂಗಳು ಹಿಡಿಯಿತು. ಒಂದು ಮೇಜಿನವ ‘ಇಷ್ಟು ಸಣ್ಣ ಹಿಡುವಳಿಗೆ ಬಂದೂಕು ಯಾಕ್ರಿ?’ ಅಂದ. ಅಂಥ ಮಾತಿಗೆ ಹೆದರಬೇಡಿ. ಆಸ್ತಿ ಸಾಲದು ಅನ್ನುವ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸಬಾರದು ಅಂತ ಅದೇ ಕಾಯ್ದೆಯ 14ನೇ ಕಲಮಿನಲ್ಲಿದೆ. ನಿರಾಕರಿಸಿದರೆ ಮೇಲ್ಮನವಿಗೂ ದಾರಿ ಇದೆ.

ಅಭಯಾರಣ್ಯದ ಮಗ್ಗುಲಲ್ಲಿ ಇರುವವರಿಗೆ ಇನ್ನೊಂದು ತೊಡಕು. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿನವರಿಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮು. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಸುತ್ತಿನ ಊರವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಹೊಲ ಅದರಾಚೆ, ಹಾಗಾಗಿ ಬಚಾವು. ಕೊಡಗಿನವರ ಕಥೆ ಬೇರೆ. ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು. ಅದನ್ನು ನೋಡಿ ನಮ್ಮ ಕಡೆಯವರು ‘ನಮಗೂ ಹಂಗೇ’ ಅಂದುಕೊಂಡರೆ ಕೆಟ್ಟಂತೆ.

ಲೈಸೆನ್ಸು ಸಿಕ್ಕಿದ್ದು 2022ರ ಮೇ ಕಡೆಗೆ, ಐದು ವರ್ಷಕ್ಕೆ. 2019ರ ತಿದ್ದುಪಡಿಗೆ ಮೊದಲು ಮೂರೇ ವರ್ಷ ಇತ್ತು.

ಕೈಗೆ ಬಂದಾಗ

ನಮ್ಮಲ್ಲಿ ಬಂದೂಕು ಅಂದರೆ ಮಲೆನಾಡಿನಲ್ಲಿ ಕೋವಿ. ಒಂಟಿ ನಳಿಗೆ, ಕೇಪಿನದು. ತೂಕದಲ್ಲಿ ಸಲಿಕೆಗಿಂತ ಭಾರ, ಹಾರೆಗಿಂತ ಹಗುರ. ನೆಲಕ್ಕೆ ಊರಿದರೆ ನನ್ನ ಎದೆಮಟ್ಟ. ಬಾಯಿಂದ ಮದ್ದು ಹಾಕಿ, ಮೇಲೆ ತೆಂಗಿನ ನಾರು ತುರುಕಿ, ಗಜದ ಕಡ್ಡಿಯಿಂದ ಗಿಡಿದು, ಹಿಂದಿನ ಮೊಳೆಗೆ ಕೇಪು ಸಿಗಿಸಬೇಕು. ಸುತ್ತಿಗೆಯಂತೆ ಬಂದು ಕೇಪಿಗೆ ಬಡಿಯುವ ಭಾಗಕ್ಕೆ ಕುದುರೆ ಅಂತಾರೆ. ಕೇಪಿನ ಕಿಡಿ ಒಳಗೆ ಹೋಗಿ ಮದ್ದು ಹೊತ್ತುತ್ತದೆ.

ಮೊದಲ ಸಲ ಹಾರಿಸಿದಾಗ ಗಮನಕ್ಕೆ ಬಂದ ಸಂಗತಿಗಳನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಭುಜಕ್ಕೆ ಗುದ್ದು, ಕೊಳೆತ ತತ್ತಿಯಂಥ ಗಂಧಕದ ನಾತ, ಬಿಳಿ ಹೊಗೆ, ಇವೆಲ್ಲ ಸರಿ. ಆದರೆ ಕತ್ತಲಲ್ಲಿ ನಳಿಗೆಯ ಬಾಯಲ್ಲಿ ಬರುವ ಬೆಂಕಿ ಕಣ್ಣನ್ನು ಕುರುಡು ಮಾಡಿಬಿಡುತ್ತದೆ. ಗಂಟೆಗಟ್ಟಲೆ ಕೂತು ಕತ್ತಲಿಗೆ ಒಗ್ಗಿಸಿಕೊಂಡ ಕಣ್ಣು ಕ್ಷಣದಲ್ಲಿ ಹೋಯಿತು. ಕಿವಿಯೂ ಗುಂಯ್ ಅಂತ ಕೂತಿತು. ಹೊಲ ಕಾಯುವವನಿಗೆ ಇರುವ ಆಯುಧ ಎರಡೇ, ಕಣ್ಣು ಮತ್ತು ಕಿವಿ. ಅದರಲ್ಲೂ ಕಿವಿ ಮುಖ್ಯ. ದಂಟು ಮುರಿಯುವ ಲಟಲಟ ಸದ್ದೇ ಹಂದಿಯ ಸುದ್ದಿ. ಒಂದು ಈಡು ಹಾರಿಸಿದರೆ ಐದ್ಹತ್ತು ನಿಮಿಷ ಆ ಎರಡೂ ಇಲ್ಲ. ಮತ್ತೆ ತುಂಬಲಿಕ್ಕೆ ಕತ್ತಲಲ್ಲಿ ಎರಡು ಮೂರು ನಿಮಿಷ ಬೇಕು. ಅಲ್ಲಿತನಕ ಕೈಯಲ್ಲಿರುವುದು ಬರೀ ಬಡಿಗೆ. ಗಾಯಗೊಂಡ ಒಂಟಿ ಹಂದಿ ತಿರುಗಿ ಬಿದ್ದರೆ ಇದನ್ನು ನಂಬಿ ನಿಲ್ಲುವಂತಿಲ್ಲ.

ಹಂದಿಗೆ ಯಾಕೆ ಹೊಡೆಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಬಂದೂಕಿನ ಲೈಸೆನ್ಸು ಬೇರೆ, ಪ್ರಾಣಿ ಕೊಲ್ಲುವ ಪರವಾನಗಿ ಬೇರೆ. ಬಹಳ ಮಂದಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಕಾಡುಹಂದಿ ವನ್ಯಜೀವಿ ಕಾಯ್ದೆಯೊಳಗಿನ ಪ್ರಾಣಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು 2ನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಮಾಡುವ ಹಂದಿಯನ್ನು ಹೊಡೆಯಲು 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಬಾಯಿಮಾತಿನ ‘ಹೊಡೀರಿ, ನಾವು ನೋಡ್ಕೋತೀವಿ’ ನಡೆಯುವುದಿಲ್ಲ. ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಮಾತ್ರ ಅಪರಾಧವಲ್ಲ, ಆಗಲೂ ಸತ್ತ ಪ್ರಾಣಿ ಸರಕಾರದ್ದು, ಅಡಿಗೆಮನೆಯದ್ದಲ್ಲ. ಚಿಗರಿ, ನವಿಲು 1ನೇ ಅನುಸೂಚಿಯವು. ಬೆಳೆ ತಿಂದವು ಅಂತ ಅವಕ್ಕೆ ಹೊಡೆಯಲು ಆದೇಶವೂ ಸಿಗದು.

ಹಾಗಾಗಿ ನನ್ನದು ಬರೀ ಸದ್ದಿನ ಬಂದೂಕು. ಚರೆ ಹಾಕುವುದೇ ಇಲ್ಲ. ಮೇಲಕ್ಕೆ ಹಾರಿಸಿದ ಚರೆ ಕೆಳಗೆ ಬೀಳಲೇಬೇಕಲ್ಲ, ಮಗ್ಗುಲ ಹೊಲದಲ್ಲೂ ನನ್ನಂತೆ ಕಾಯುವವರು ಮಲಗಿರುತ್ತಾರೆ.

ಹಂದಿಗಳು ಕಲಿತದ್ದು

ಹಾರಿಸಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದೆ. 2022ರ ಮುಂಗಾರಿನಲ್ಲಿ ಮೊದಲ ಸದ್ದಿಗೆ ಹಿಂಡು ಗುಡ್ಡ ಹತ್ತಿದ್ದು ಐದು ರಾತ್ರಿ ಇಳಿಯಲಿಲ್ಲ. ‘ಗೆದ್ದೆ’ ಅಂತ ಮನೆಯವರ ಮುಂದೆ ಹೇಳಿದೆ. ಆಗಸ್ಟಿನಲ್ಲಿ ಹಾಲುಗಾಳು ಬಂದಾಗ ಎರಡು ರಾತ್ರಿಗೆ ಇಳಿಯಿತು. ಸೆಪ್ಟೆಂಬರಿನಲ್ಲಿ ಹತ್ತು ಗಂಟೆಗೆ ಹಾರಿಸಿದರೆ ಕೋಳಿ ಕೂಗುವ ಹೊತ್ತಿಗೆ ಮತ್ತೆ ಹೊಲದಲ್ಲಿ. ಸದ್ದಿನಿಂದ ನೋವಿಲ್ಲ ಅಂತ ಅವಕ್ಕೆ ಗೊತ್ತಾಗಿತ್ತು. ಹಂದಿಯ ಕಣ್ಣು ಮಂದ, ಆದರೆ ಮೂಗು ಮತ್ತು ಬುದ್ಧಿ ಚುರುಕು. ಪಟಾಕಿಗೂ ಇದೇ ಗತಿ ಆಗಿತ್ತು.

ಆಮೇಲೆ ಕ್ರಮ ಬದಲಿಸಿದೆ. ಒಂದೇ ಅಟ್ಟದ ಮೇಲೆ ಕೂತು ಒಂದೇ ಹೊತ್ತಿಗೆ ಹಾರಿಸುವುದನ್ನು ಬಿಟ್ಟೆ. ಹಂದಿ ಹೊಲ ಹೊಕ್ಕ ಮೇಲೆ ಅಲ್ಲ, ಗುಡ್ಡ ಇಳಿದು ಹಳ್ಳ ದಾಟುವ ಜಾಗದಲ್ಲಿ ಸದ್ದು ಮಾಡಿದರೆ ಪರಿಣಾಮ ಹೆಚ್ಚು. ತಿನ್ನಲು ಸುರು ಮಾಡಿದ ಪ್ರಾಣಿ ಹಸಿವಿನ ಮುಂದೆ ಸದ್ದನ್ನು ಲೆಕ್ಕಿಸುವುದಿಲ್ಲ. ವಾರಕ್ಕೆ ಒಂದು ಈಡು, ಹೆಚ್ಚೆಂದರೆ ಎರಡು. ಉಳಿದ ರಾತ್ರಿ ಹಲಗಿ, ಟಾರ್ಚು, ನಾಯಿ.

ನಷ್ಟದ ಲೆಕ್ಕ ಹೀಗಿದೆ: 2022ರಲ್ಲಿ ಗೋವಿನಜೋಳ ಹೋದದ್ದು ಆರು ಗುಂಟೆ. 2023 ಬರಗಾಲ, ಗುಡ್ಡದಲ್ಲಿ ಗಡ್ಡೆಗೆಣಸು ಇಲ್ಲ, ನೀರಿಲ್ಲ, ಹನ್ನೊಂದು ಗುಂಟೆ ಹೋಯಿತು. ಬಂದೂಕು ಅದೇ, ನಾನೂ ಅವನೇ.

2024ರಲ್ಲಿ ಒಂದು ಪರೀಕ್ಷೆ ತಾನಾಗಿಯೇ ನಡೆಯಿತು. ಲೋಕಸಭೆ ಚುನಾವಣೆಗೆ ಮಾರ್ಚಿಯಲ್ಲೇ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಯಿತು. ನಮ್ಮ ಮತದಾನ ಮೇ 7ಕ್ಕೆ ಮುಗಿದರೂ ಎಣಿಕೆ ಜೂನ್ 4ಕ್ಕೆ. ಕೈಗೆ ಬಂದೂಕು ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಮಳೆ ಬಿದ್ದು ಬಿತ್ತನೆ ಆಗಿತ್ತು. ಬಿತ್ತಿದ ಎಂಟು ದಿನ ಕಾಳು ಮೊಳೆಯುವ ತನಕವೇ ಗಂಡಾಂತರ. ಆಗ ಮಗ್ಗುಲ ನಾಲ್ಕು ಹೊಲದವರು ಸೇರಿ ಪಾಳಿ ಹಾಕಿದೆವು. ರಾತ್ರಿ ಇಬ್ಬರು, ಒಂದು ಹಲಗಿ, ಎರಡು ಟಾರ್ಚು, ಹಳ್ಳದ ದಾರಿಯಲ್ಲಿ ಸಣ್ಣ ಬೆಂಕಿ. ಐದು ಹೊಲದಲ್ಲಿ ಸೇರಿ ಮರುಬಿತ್ತನೆ ಆದದ್ದು ಎರಡು ಗುಂಟೆ ಮಾತ್ರ. ಬಂದೂಕು ಠಾಣೆಯಲ್ಲಿತ್ತು!

ಅಂದಮೇಲೆ ಹಿಂದಿನ ಎರಡು ವರ್ಷ ಉಳಿದ ಬೆಳೆಯಲ್ಲಿ ಬಂದೂಕಿನ ಪಾಲೆಷ್ಟು, ನಿದ್ದೆಗೆಟ್ಟ ಕಣ್ಣಿನ ಪಾಲೆಷ್ಟು? ನನ್ನ ಲೆಕ್ಕಕ್ಕೆ ಬಂದೂಕಿನದು ಕಾಲು ಪಾಲು. ಅದು ಇದ್ದದ್ದರಿಂದ ಒಬ್ಬನೇ ಹೊಲಕ್ಕೆ ಹೋಗುವ ಧೈರ್ಯ ಬಂತು, ಹೋದದ್ದರಿಂದ ಬೆಳೆ ಉಳಿಯಿತು. ಕರಡಿ ತಿರುಗುವ ಗುಡ್ಡದ ಬುಡದಲ್ಲಿ ಆ ಧೈರ್ಯಕ್ಕೂ ಬೆಲೆ ಇದೆ ಅನ್ನಿ.

ತುಂಬಿದೆಯೋ ಖಾಲಿಯೋ?

ಈ ಜಾತಿಯ ಬಂದೂಕಿನ ದೊಡ್ಡ ಅಪಾಯ ಇದು. ತುಂಬಿದ್ದನ್ನು ತೆಗೆಯುವುದು ತ್ರಾಸು. ಹಾರಿಸದೆ ಮನೆಗೆ ತಂದವರು ಹಾಗೇ ಮೂಲೆಗೆ ಒರಗಿಸುತ್ತಾರೆ. ‘ಕೇಪು ತೆಗ್ದೀನಲ್ಲ’ ಅನ್ನುತ್ತಾರೆ. ಕೇಪು ತೆಗೆದರೂ ಒಳಗಿನ ಮದ್ದು ಒಳಗೇ ಇದೆ. ನೋಡಿದರೆ ಗೊತ್ತಾಗದು.

ತರಬೇತಿಯಲ್ಲಿ ಒಬ್ಬ ಹಿರಿಯರು ತೋರಿಸಿದ ಉಪಾಯ ಎಲ್ಲರಿಗೂ ಗೊತ್ತಿರಬೇಕು. ಖಾಲಿ ನಳಿಗೆಗೆ ಗಜದ ಕಡ್ಡಿಯನ್ನು ತಳ ಮುಟ್ಟುವಂತೆ ಇಳಿಸಿ, ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಕಚ್ಚು ಹಾಕಿ. ಯಾವಾಗ ಬೇಕಾದರೂ, ಮೊದಲು ಕೇಪು ತೆಗೆದು, ಕಡ್ಡಿ ಇಳಿಸಿ ನೋಡಿ. ಕಚ್ಚು ಬಾಯಿಗೆ ಸಮ ಬಂದರೆ ಖಾಲಿ. ಮೇಲೇ ನಿಂತರೆ ಒಳಗೆ ಏನೋ ಇದೆ. ಕತ್ತಲಲ್ಲೂ ಬೆರಳಿನಿಂದ ತಿಳಿಯುತ್ತದೆ. ಇದನ್ನು ನೋಡದೆ ತುಂಬಿದ್ದರ ಮೇಲೆ ಮತ್ತೆ ತುಂಬಿದರೆ ನಳಿಗೆ ಸೀಳುತ್ತದೆ. ಕಡ್ಡಿಯನ್ನು ಬಗ್ಗಿ ಇಳಿಸಬಾರದು, ಬಾಯಿಗೆ ಮುಖ ಕೊಡದೆ ಮಗ್ಗುಲಿಗೆ ನಿಲ್ಲಬೇಕು.

ಕೇಪು ಟಕ್ ಅಂದು ಮದ್ದು ಹತ್ತದೆ ಹೋದರೆ, ಮಳೆಗಾಲದಲ್ಲಿ ಇದು ಆಗುವುದೇ, ತಕ್ಷಣ ತಿರುಗಿಸಿ ನೋಡಬೇಡಿ. ಬಾಯಿ ಬಯಲಿಗೆ ಇಟ್ಟುಕೊಂಡೇ ನಿಧಾನವಾಗಿ ನೂರು ಎಣಿಸಿ. ಒಳಗೆ ಕುಟುಕುತ್ತಿರುವ ಕಿಡಿ ತಡವಾಗಿ ಹತ್ತುವುದುಂಟು.

ನಾರಿನ ಮಾತು ಒಣಬೇಸಾಯದವರಿಗೆ ವಿಶೇಷ. ಹಾರಿಸಿದಾಗ ತುರುಕಿದ ನಾರು ಹೊಗೆಯಾಡುತ್ತ ಹದಿನೈದಿಪ್ಪತ್ತು ಹೆಜ್ಜೆ ದೂರ ಬೀಳುತ್ತದೆ. ಹಸಿ ಹೊಲದಲ್ಲಿ ಚಿಂತೆಯಿಲ್ಲ. ಸುಗ್ಗಿಯ ಹೊತ್ತಿಗೆ, ಒಣ ಸೊಪ್ಪೆಯಲ್ಲಿ, ಬಣವಿ ಮಗ್ಗುಲಲ್ಲಿ ಅದು ಬಿದ್ದರೆ ವರ್ಷದ ಮೇವು ಹೋದಂತೆ. ಒಂದು ಸಲ ಬದುವಿನ ಹುಲ್ಲಿನಲ್ಲಿ ಬಿದ್ದು ಕೆಂಪಾಗಿ ಮಿನುಗುತ್ತಿದ್ದುದನ್ನು ತುಳಿದು ಆರಿಸಿದೆ. ನವೆಂಬರ್ ನಂತರ ಬಂದೂಕನ್ನು ಹೊಲಕ್ಕೆ ಒಯ್ಯುವುದೇ ಇಲ್ಲ.

ಹಾರಿಸಿದ ಮರುದಿನ ಬಿಸಿನೀರಿನಿಂದ ನಳಿಗೆ ತೊಳೆದು, ಒಣಗಿಸಿ, ಎಣ್ಣೆಬಟ್ಟೆ ಆಡಿಸಬೇಕು. ಕರಿಮದ್ದಿನ ಮಸಿ ತೇವ ಎಳೆಯುತ್ತದೆ, ವಾರದಲ್ಲಿ ತುಕ್ಕು. ಮದ್ದು, ಕೇಪು ಲೈಸೆನ್ಸು ತೋರಿಸಿ ಅಂಗಡಿಯಿಂದಲೇ ತರಬೇಕು. ಮನೆಯಲ್ಲಿ ಕುಟ್ಟಿ ಮದ್ದು ಮಾಡಲು ಹೋಗಿ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮನೆಯೊಳಗೆ

ನಮ್ಮಾಕೆ ಮೊದಲ ದಿನವೇ ಹೇಳಿದ್ದು: ‘ಹಂದಿ ವರ್ಷಕ್ಕ ಮೂರು ಸಲ ಬರ್ತಾವ. ಮಮ್ಮಕ್ಕಳು ದಿನಾ ಇಲ್ಲೇ ಇರ್ತಾವ.’ ಇದಕ್ಕೆ ನನ್ನಲ್ಲಿ ಎದುರುತ್ತರ ಇರಲಿಲ್ಲ. ಬಂದೂಕಿಗೆ ಸಾಗುವಾನಿ ಪೆಟ್ಟಿಗೆ, ಬೀಗ. ಮದ್ದು, ಕೇಪು ಬೇರೆ ಕೋಣೆಯಲ್ಲಿ, ಒಲೆಯಿಂದ ದೂರ, ಅದಕ್ಕೂ ಬೀಗ. ಒಂದು ಕೀಲಿ ನನ್ನಲ್ಲಿ, ಇನ್ನೊಂದು ಅವಳ ಉಡಿಯಲ್ಲಿ. ಇಬ್ಬರೂ ಒಪ್ಪದೆ ಬಂದೂಕು ಹೊರಗೆ ಬರದು. ಇಪ್ಪತ್ತೊಂದು ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನೇ ಇದೆ, ‘ಹುಡುಗ ಒಮ್ಮೆ ಹಿಡೀಲಿ ಬಿಡು’ ಅನ್ನುವ ಬೀಗರ ಮಾತಿಗೆ ಇದನ್ನೇ ಹೇಳುತ್ತೇನೆ. ಮದುವೆಗೆ, ಜಾತ್ರೆಗೆ ‘ಒಂದು ಈಡು ಹಾರಸ್ರಿ’ ಅಂತ ಕರೆಯಲು ಬಂದವರೂ ಇದ್ದಾರೆ. 2019ರ ತಿದ್ದುಪಡಿಯಂತೆ ಹಾಗೆ ಹಾರಿಸಿ ಮಂದಿಗೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

ಇನ್ನೊಂದು ಸಂಗತಿ ನಾನು ಎಣಿಸಿರಲಿಲ್ಲ. ನನಗೂ ಪಡುವಲ ಹೊಲದವನಿಗೂ ಬದುವಿನ ತಕರಾರು ಹಳೆಯದು. ವರ್ಷಕ್ಕೊಮ್ಮೆ ಇಬ್ಬರೂ ಕೂಗಾಡಿ, ಸಂಜೆ ಒಂದೇ ಕಟ್ಟೆಯ ಮೇಲೆ ಎಲಿ ಅಡಿಕಿ ಹಾಕುತ್ತಿದ್ದೆವು. ಬಂದೂಕು ಬಂದ ವರ್ಷ ಅವನು ಕೂಗಲಿಲ್ಲ. ‘ನೀ ಹೇಳ್ದಂಗಾಗ್ಲಿ ಬಿಡಣ್ಣ’ ಅಂದು ಹೋದ. ಅದು ನನಗೆ ಹಿಡಿಸಲಿಲ್ಲ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಬಂದೂಕು ನಮ್ಮಿಬ್ಬರ ನಡುವೆ ಬಂದು ಕೂತಿತ್ತು. ಸರ್ವೇದವರನ್ನು ಕರೆಸಿ, ಖರ್ಚು ನಾನೇ ಕೊಟ್ಟು, ಕಲ್ಲು ನೆಡಿಸಿದೆ. ಈಗ ಅವನೇ ಪಾಳಿಯಲ್ಲಿ ನನ್ನ ಜೊತೆಗಾರ.

ಕೇಳಲು ಬಂದವರಿಗೆ ನಾನು ನೇರವಾಗಿಯೇ ಹೇಳುತ್ತೇನೆ. ಕುಡಿತ ಇದ್ದ ಮನೆಗೆ, ದಾಯಾದಿ ಜಗಳ ಇದ್ದ ಮನೆಗೆ, ಸಾಲದ ಚಿಂತೆಯಲ್ಲಿ ನಿದ್ದೆ ಬಾರದೆ ಕೂತ ಮನುಷ್ಯ ಇರುವ ಮನೆಗೆ ಬಂದೂಕು ಬೇಡ. ಅಂಥಲ್ಲಿ ಅರ್ಜಿ ಹಾಕಿದ್ದರೆ ವಾಪಸು ತೆಗೆದುಕೊಳ್ಳಿ. ಒಂಟಿಯಾಗಿ ಗುಡ್ಡದಂಚಿಗೆ ಹೊಲ ಇದ್ದು, ಪಾಳಿಗೆ ಜೊತೆ ಸಿಗದವರು ಬೇಕಾದರೆ ಯೋಚಿಸಬಹುದು. ನಾಲ್ಕು ಹೊಲದವರು ಕೂಡುವಂತಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ಟಾರ್ಚು, ಹಲಗಿ, ಎರಡು ಅಟ್ಟ, ನಾಯಿಗೆ ವರ್ಷದ ರೊಟ್ಟಿ ಆಗುತ್ತದೆ. ಕರೆಂಟು ತಂತಿ ಬಿಡುವುದನ್ನು, ಹಂದಿಗೆ ಸಿಡಿಮದ್ದಿನ ಉಂಡೆ ಇಡುವುದನ್ನು ಮಾತ್ರ ಯಾರೂ ಮಾಡಬೇಡಿ. ತಂತಿಗೆ ಸಿಕ್ಕಿ ಸಾಯುವವರು ಬೆಳಗಿನ ಜಾವ ಹೊಲಕ್ಕೆ ಹೋದ ನಮ್ಮವರೇ, ಉಂಡೆ ಕಚ್ಚುವುದು ನಮ್ಮ ದನವೇ.

ಈಗ ನಮ್ಮ ಪಾಳಿಯಲ್ಲಿ ಐದು ಮನೆ. ಸೋಮವಾರ ಮತ್ತು ಗುರುವಾರ ನನ್ನದು, ಬಂದೂಕು ಹೊರಡುವುದು ಆ ಎರಡು ರಾತ್ರಿ ಮಾತ್ರ. ಯಾಕಂದರೆ ಲೈಸೆನ್ಸಿನಲ್ಲಿ ಹೆಸರು ಇರುವುದು ನನ್ನದೊಬ್ಬನದೇ. ಒಂದು ತೊಂದರೆ ಇನ್ನೂ ಬಗೆಹರಿದಿಲ್ಲ: ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಅಟ್ಟದ ಮೇಲೆ ಕೇಪು ತೇವ ಹಿಡಿದು ಮೂರರಲ್ಲಿ ಒಂದು ಹುಸಿ ಹೋಗುತ್ತದೆ. ಮಲೆನಾಡಿನ ಹಿರಿಯರು ಆ ಮಳೆಯಲ್ಲೂ ಕೇಪಿನ ಕೋವಿ ಬಳಸಿದವರು, ಒಣದಾಗಿ ಇಡುವ ಬಗೆ ಅವರಿಗೆ ಗೊತ್ತಿರಲೇಬೇಕು. ಬಲ್ಲವರು ಪತ್ರಿಕೆಗೆ ನಾಲ್ಕು ಸಾಲು ಬರೆದರೆ ಉಪಕಾರವಾದೀತು.